ಯಾರೂ ನೋಡದ ಅದ್ಭುತ

ಆತ್ಮೀಯರೇ, ಎಲ್ಲರಿಗೂ ಪುನರುತ್ಥಾನ ಹಬ್ಬದ ಶುಭಾಶಯಗಳು.

ಯೇಸು ಅದ್ಭುತಗಳನ್ನು ಮಾಡಿದವನು ಎನ್ನುವುದು ನಮ್ಮ ನಾಡಿನಲ್ಲಿ ಕ್ರೈಸ್ತರಲ್ಲದವರಿಗೂ ಗೊತ್ತು. ಕುರುಡರಿಗೆ ಕಣ್ಣು ಕೊಟ್ಟ, ನೀರಿನ ಮೇಲೆ ನಡೆದ, ಐದು ರೊಟ್ಟಿ ಎರಡು ಮೀನಿನಲ್ಲಿ ಐದು ಸಾವಿರ ಜನಕ್ಕೆ ಉಣಬಡಿಸಿದ. ಈ ಸಾಲಿನ ಕೊನೆಗೆ, ಎಲ್ಲಕ್ಕಿಂತ ದೊಡ್ಡ ಅದ್ಭುತವೆಂದು ಪುನರುತ್ಥಾನವನ್ನೂ ಸೇರಿಸಿಬಿಡುತ್ತೇವೆ. ಅದು ಆ ಸಾಲಿಗೆ ಸೇರುವಂಥದ್ದಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿ ಹುಡುಕಿದರೂ ಸತ್ತ ಯೇಸು ಎದ್ದ ಗಳಿಗೆಯ ವರ್ಣನೆ ಸಿಗುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದದ್ದು ಸೇವಕರಿಗೆ ಗೊತ್ತಿತ್ತು. ಸತ್ತಿದ್ದ ಲಾಜರ ಯೇಸುವಿನ ಮಾತಿಗೆ ಸಮಾಧಿಯ ಗವಿಯಿಂದ ಹೊರಗೆ ಬಂದಾಗ ದುಃಖ ಹಂಚಿಕೊಳ್ಳಲು ಬಂದ ಜನ ಅಲ್ಲೇ ಇದ್ದರು. ಯೇಸುವಿನ ಸಮಾಧಿಯೊಳಗೆ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡವರಿಲ್ಲ. ಬೆಳ್ಳಂಬೆಳಗ್ಗೆ ಹೆಂಗಸರು ಅಲ್ಲಿಗೆ ಹೋಗುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಮಾರ್ಕನ ಸುವಾರ್ತೆ ಪೂರ್ತಿಯಾಗಿ ಸಿಗುವ ಅತಿ ಹಳೆಯ ಹಸ್ತಪ್ರತಿಗಳು 4ನೇ ಶತಮಾನದವು. ಸೈನಾಯಿಟಿಕಸ್ ಮತ್ತು ವ್ಯಾಟಿಕಾನಸ್. ಎರಡರಲ್ಲೂ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೆ ನಿಂತುಬಿಡುತ್ತದೆ. ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಕೇಳುವವರನ್ನು ಬೆರಗುಗೊಳಿಸಲು ಹೊರಟವನು ಹೀಗೆ ಬರೆದು ಕೈಬಿಡುವುದಿಲ್ಲ.

ಸಾಕ್ಷಿಗಳಾದರೂ ಯಾರು? ಹೆಂಗಸರ ಸಾಕ್ಷ್ಯವನ್ನು ಒಪ್ಪಬಾರದು ಎಂದು 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. 2ನೇ ಶತಮಾನದ ಸೆಲ್ಸಸ್ ಎಂಬ ದಾರ್ಶನಿಕ ಇದನ್ನೇ ಹಿಡಿದುಕೊಂಡು, ಯಾವಳೋ ಬುದ್ಧಿ ನೆಟ್ಟಗಿಲ್ಲದವಳು ಕಂಡದ್ದಂತೆ ಎಂದು ಗೇಲಿ ಮಾಡಿದ. ಆದರೂ ಸಮಾಧಿಗೆ ಹೋದ ಮಗ್ದಲದ ಮರಿಯಳ ಹೆಸರನ್ನು ನಾಲ್ವರಲ್ಲಿ ಒಬ್ಬ ಸುವಾರ್ತಿಕನೂ ಕೈಬಿಡಲಿಲ್ಲ.

ಇನ್ನು ಶುಭ ಶುಕ್ರವಾರ ನಾವು ಓದಿದ ಭಾಗಕ್ಕೆ ಬನ್ನಿ. ಶಿಲುಬೆಯಿಂದ ಇಳಿದು ಬರಲಿ, ನೋಡಿ ನಂಬುತ್ತೇವೆ ಎಂದು ಯಾಜಕರು ಹಂಗಿಸಿದರು. ಅದಕ್ಕೆ ಮುಂಚೆ ಗಲಿಲಾಯವನ್ನು ಆಳುತ್ತಿದ್ದ ಹೆರೋದನೂ ಏನಾದರೊಂದು ಅದ್ಭುತ ನೋಡುವ ಆಸೆಯಲ್ಲಿ ಕಾದಿದ್ದ. ಅವನಿಗೆ ಒಂದು ಮಾತಿನ ಉತ್ತರವೂ ಸಿಗಲಿಲ್ಲ. ಎದ್ದ ಮೇಲಾದರೂ ಯೇಸು ರೋಮಿನ ಅಧಿಪತಿ ಪಿಲಾತನ ಅರಮನೆಗೆ ಹೋಗಿ ನಿಲ್ಲಬಹುದಿತ್ತು, ಮಹಾಯಾಜಕ ಕಾಯಫನ ಎದುರು ಪ್ರತ್ಯಕ್ಷನಾಗಬಹುದಿತ್ತು. ಹಾಗೆ ಮಾಡಲಿಲ್ಲ. ತನ್ನನ್ನು ಬಿಟ್ಟು ಓಡಿಹೋದವರನ್ನು ಹುಡುಕಿಕೊಂಡು ಹೋದ.

ಅದರಲ್ಲಿ ಒಂದು ಭೇಟಿಯನ್ನು ನಿಧಾನವಾಗಿ ನೋಡೋಣ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ. ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿದ್ದಾರೆ, ಏನೂ ಸಿಕ್ಕಿಲ್ಲ. ದಡದಲ್ಲಿ ನಿಂತವನೊಬ್ಬ ಬಲಗಡೆಗೆ ಬಲೆ ಹಾಕಿ ಎನ್ನುತ್ತಾನೆ. 153 ದೊಡ್ಡ ಮೀನುಗಳು ಸಿಗುತ್ತವೆ. ಅದ್ಭುತವೇ ಸರಿ, ಆದರೆ ಕಥೆ ಅಲ್ಲಿ ನಿಲ್ಲುವುದಿಲ್ಲ. ದಡಕ್ಕೆ ಬಂದರೆ ಇದ್ದಲಿನ ಬೆಂಕಿ ಉರಿಯುತ್ತಿದೆ, ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟಮಾಡಿ ಎನ್ನುತ್ತಾನೆ ಯೇಸು. ಈ ಸುವಾರ್ತೆಯಲ್ಲಿ ಇದ್ದಲಿನ ಬೆಂಕಿ ಇನ್ನೊಂದೇ ಕಡೆ ಬರುತ್ತದೆ: ಮಹಾಯಾಜಕನ ಅಂಗಳದಲ್ಲಿ, ಆ ಚಳಿಯ ರಾತ್ರಿ. ಆಳುಗಳ ಜೊತೆ ಮೈ ಕಾಯಿಸಿಕೊಳ್ಳುತ್ತಾ ನಿಂತಿದ್ದ ಪೇತ್ರ, ಯೇಸುವಿನ ಶಿಷ್ಯ ನಾನಲ್ಲ ಎಂದು ಮೂರು ಸಲ ಅಂದದ್ದು ಅಲ್ಲಿ. ಈಗ ಅದೇ ಪೇತ್ರ ಅಂಥದ್ದೇ ಬೆಂಕಿಯ ಮುಂದೆ ಕೂತು ಯೇಸುವಿನ ಕೈಯಿಂದ ರೊಟ್ಟಿ ತೆಗೆದುಕೊಳ್ಳುತ್ತಾನೆ. ಊಟವಾದ ಮೇಲೆ ಯೇಸು ಅವನನ್ನು ಮೂರು ಸಲ ಕೇಳುತ್ತಾನೆ: ನನ್ನನ್ನು ಪ್ರೀತಿಸುತ್ತೀಯಾ? ಪೇತ್ರನಿಗೆ ನೋವಾಯಿತು ಎಂದು ಯೋಹಾನ ಮುಚ್ಚಿಡದೆ ಬರೆಯುತ್ತಾನೆ. ಮೂರನೆಯ ಉತ್ತರವೂ ಆದ ಮೇಲೆ, ನನ್ನ ಕುರಿಗಳನ್ನು ಮೇಯಿಸು ಎಂಬ ಅಪ್ಪಣೆ. ಬಲೆ ತುಂಬಿದ್ದಕ್ಕಿಂತ ಇದೇ ನನಗೆ ದೊಡ್ಡದು. ಸತ್ತವನು ಎದ್ದದ್ದಷ್ಟೇ ಆಗಿದ್ದರೆ ಪೇತ್ರನಿಗೆ ಭಯವಾಗಬೇಕಿತ್ತು. ಎದ್ದವನು ಅವನನ್ನು ಕ್ಷಮಿಸಿ ಮತ್ತೆ ಕೆಲಸಕ್ಕೆ ಕರೆದ.

ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1820ರ ಹೊತ್ತಿಗೆ ಸುವಾರ್ತೆಗಳಿಂದ ಬೇಕಾದ ಭಾಗಗಳನ್ನಷ್ಟೇ ಕತ್ತರಿಸಿ ಅಂಟಿಸಿ, ಅದ್ಭುತಗಳಿಲ್ಲದ ಒಂದು ಪುಸ್ತಕ ಮಾಡಿಕೊಂಡರು. ಅದು ಸಮಾಧಿಗೆ ಕಲ್ಲು ಉರುಳಿಸಿದಲ್ಲಿಗೆ ಮುಗಿಯುತ್ತದೆ. ಒಳ್ಳೆಯ ಉಪದೇಶವೆಲ್ಲ ಅದರಲ್ಲಿದೆ, ನಿಜ. ಆದರೆ ಪೇತ್ರ ಆ ಅಂಗಳದಲ್ಲೇ ಉಳಿದುಹೋಗುತ್ತಾನೆ.

ಆದಿಸಭೆಗಳಿಗೆ ಅಪೊಸ್ತಲ ಪೌಲ ಬರೆದ ಪತ್ರಗಳನ್ನು ಗಮನಿಸಿ. ಯೇಸು ಮಾಡಿದ ಒಂದೇ ಒಂದು ಅದ್ಭುತವನ್ನೂ ಅವನು ವಿವರಿಸುವುದಿಲ್ಲ. ಆದರೆ 50ರ ದಶಕದಲ್ಲಿ ಕೊರಿಂಥದ ಸಭೆಗೆ ಬರೆಯುವಾಗ, ಕ್ರಿಸ್ತನು ಎದ್ದುಬರಲಿಲ್ಲವಾದರೆ ನಮ್ಮ ಪ್ರಸಂಗವೂ ನಿಮ್ಮ ನಂಬಿಕೆಯೂ ವ್ಯರ್ಥ ಎಂದುಬಿಡುತ್ತಾನೆ. ಲಾಜರ ಬದುಕಿ ಬಂದ, ಮತ್ತೆ ಒಂದು ದಿನ ಸಾಯಬೇಕಿತ್ತು. ಕ್ರಿಸ್ತನು ಇನ್ನು ಸಾಯುವುದಿಲ್ಲ ಎನ್ನುತ್ತಾನೆ ಪೌಲ. ಮಿಕ್ಕ ಅದ್ಭುತಗಳನ್ನೆಲ್ಲ ನಾವು ಈ ಬೆಳಕಿನಲ್ಲಿ ಓದಬೇಕು. ಅವು ಈ ಭಾನುವಾರದ ಕಡೆಗೆ ಬೆರಳು ಮಾಡುತ್ತವೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ಯಾನ್ಸರ್ ಆದವರ ಮಂಚದ ಪಕ್ಕ ನಿಂತು, ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ವಾಸಿಯಾಗುತ್ತಿಲ್ಲ ಎನ್ನುವವರನ್ನು ನಾನು ಕಂಡಿದ್ದೇನೆ. ಅದು ಕ್ರೌರ್ಯ. ದೇವರು ಗುಣಪಡಿಸುತ್ತಾನೆ ಎಂದು ನಾನೂ ನಂಬುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ, ನೀವೂ ಪ್ರಾರ್ಥಿಸಿ. ಆದರೆ ಗುಣವಾಗದವರ ನಂಬಿಕೆಯನ್ನು ತೂಗಲು ನಮಗೆ ಅಧಿಕಾರ ಕೊಟ್ಟವರಾರು? ಎದ್ದುಬಂದ ಯೇಸುವಿನ ಕೈಯಲ್ಲೇ ಮೊಳೆಯ ಗಾಯ ಉಳಿದಿತ್ತು. ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಪುನರುತ್ಥಾನವನ್ನು ಅಷ್ಟು ಗಟ್ಟಿಯಾಗಿ ಸಾರಿದ ಪೌಲನ ಶರೀರದಲ್ಲಿ ಒಂದು ಮುಳ್ಳು ನಾಟಿತ್ತು. ಅದನ್ನು ತೆಗೆದುಹಾಕು ಎಂದು ಅವನು ಕರ್ತನನ್ನು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಅದನ್ನು ಹೊತ್ತುಕೊಂಡೇ ಅವನು ಊರೂರು ತಿರುಗಿದ.