ಹುಡುಕಿದ ದಾರಿಗೂ ಅಂಕ ಇರಲಿ

ಗೆಳೆಯರೇ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬಿಸುವ ಗಡಿಬಿಡಿಯ ನಡುವೆ ಇಷ್ಟು ಜನ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಮಕ್ಕಳ ಪ್ರಾಜೆಕ್ಟಿಗೆ ಅಂಕ ಹಾಕುವಾಗ ನಾವು ಏನನ್ನು ನೋಡುತ್ತಿದ್ದೇವೆ?

ಒಮ್ಮೆ ಎಂಟನೇ ತರಗತಿಗೆ 'ನಮ್ಮೂರ ಕೆರೆ' ಅಂತ ಪ್ರಾಜೆಕ್ಟ್ ಕೊಟ್ಟಿದ್ದೆ. ಸೋಮವಾರ ನನ್ನ ಮೇಜಿನ ತುಂಬ ಚಾರ್ಟು. ಥರ್ಮಕೋಲ್ ಕೆರೆ, ಮಿಂಚಿನ ಪುಡಿಯ ನೀರು, ಸುತ್ತ ಸ್ಕೆಚ್ ಪೆನ್ನಿನ ಅಂಚು. ಒಂಬತ್ತು ಚಾರ್ಟಿನಲ್ಲಿ ಒಂದೇ ಒಕ್ಕಣೆ, ಒಂದೇ ಅಂಗಡಿಯ ಪ್ರಿಂಟು. ಓದುತ್ತಾ ಹೋದರೆ ಅದು ನಮ್ಮ ಕೆರೆಯೇ ಅಲ್ಲ! ನಮ್ಮೂರಿನದೇ ಹೆಸರಿರುವ, ಬೇರೆ ಜಿಲ್ಲೆಯ ಇನ್ನೊಂದು ಊರಿನ ಕೆರೆ. (ನಗು) ನೀವು ನಗುತ್ತಿದ್ದೀರಿ ಅಂದರೆ ನಿಮ್ಮ ಮೇಜಿಗೂ ಇಂಥದ್ದು ಬಂದಿದೆ, ಅಲ್ವಾ?

ಆ ರಾಶಿಯ ಅಡಿಯಲ್ಲಿ ಒಬ್ಬ ಹುಡುಗಿಯದ್ದು ಗೆರೆ ಹಾಕಿದ ಎರಡೇ ಹಾಳೆ, ಮೂಲೆಗೊಂದು ಗುಂಡುಪಿನ್ನು. ಹೀಗೆ ಬರೆದಿದ್ದಳು: "ಕೆರೆ ಯಾರು ಕಟ್ಟಿಸಿದ್ದು ಅಂತ ಇಬ್ಬರನ್ನು ಕೇಳಿದೆ. ಅಜ್ಜಿ ಪಾಳೇಗಾರರು ಅಂದರು. ನೀರುಗಂಟಿ ತಾತ ಮಹಾರಾಜರು ಅಂದರು. ತೂಬಿನ ಹತ್ತಿರ ಒಂದು ಕಲ್ಲಿದೆ. ಅದರ ಮೇಲೆ ಅಕ್ಷರ ಇವೆ. ನನಗೆ ಓದಲು ಬರಲಿಲ್ಲ. ಅದಕ್ಕೆ ಇನ್ನೂ ಗೊತ್ತಿಲ್ಲ."

ಅವಳಿಗೆ ಹತ್ತಕ್ಕೆ ಆರು ಹಾಕಿದೆ. ಮಿಂಚಿನ ಪುಡಿಗೆ ಒಂಬತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಇಬ್ಬರನ್ನು ಕೇಳಿದ್ದಾಳೆ, ಇಬ್ಬರೂ ಬೇರೆ ಹೇಳಿದರು ಅಂತ ಗಮನಿಸಿದ್ದಾಳೆ, ಮೂರನೆಯದಾಗಿ ಕಲ್ಲನ್ನೇ ನೋಡಿ ಬಂದಿದ್ದಾಳೆ. ಸಂಶೋಧನೆ ಅಂದರೆ ಇದೇ ತಾನೆ? ಶಾಸನತಜ್ಞ ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಸೇರಿಸಿ 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳನ್ನು ತಂದರು. ಶಾಸನಗಳಿಗೆ ತಾಲ್ಲೂಕುವಾರು ನಂಬರು ಇದೆ. "ನಿನ್ನ ಕಲ್ಲು ಅದರಲ್ಲಿದೆಯಾ ನೋಡೋಣ ಬಾ" ಅಂತ ನಾನು ಕರೆಯಬೇಕಿತ್ತು. ಕರೆಯಲಿಲ್ಲ.

ಇದನ್ನೆಲ್ಲ ಅಳೆಯೋದು ಹೇಗೆ, ಕಂಪ್ಯೂಟರ್ ಲ್ಯಾಬೇ ಇಲ್ಲ ಅನ್ನುತ್ತೀರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ವರದಿ ಕೊಟ್ಟರು. ಹೈಸ್ಕೂಲ್ ಮಕ್ಕಳಿಗೆ ಒಂದು ಫೋಟೊ ತೋರಿಸಿದ್ದರು. ವಿಕಾರವಾಗಿ ಬೆಳೆದ ಡೇಸಿ ಹೂವು, ಜಪಾನಿನ ಫುಕುಶಿಮಾದ ಅಣು ಸ್ಥಾವರ ದುರಂತದ ವಿಕಿರಣದಿಂದ ಹೀಗಾಗಿದೆ ಅನ್ನುವ ಅರ್ಥದ ಒಕ್ಕಣೆ. ಪ್ರಶ್ನೆ ಒಂದೇ: ಅಲ್ಲಿನ ಸ್ಥಿತಿಗೆ ಇದು ಗಟ್ಟಿ ಸಾಕ್ಷಿಯೇ? ಸುಮಾರು ನೂರಕ್ಕೆ 40 ಮಕ್ಕಳು ಹೌದು ಅಂದರು. ತೆಗೆದವರು ಯಾರು, ಎಲ್ಲಿ ತೆಗೆದದ್ದು ಅಂತ ಸರಿಯಾಗಿ ಕೇಳಿದವರು 20 ಕೂಡ ಇಲ್ಲ. ನೋಡಿ, ಒಂದು ಚಿತ್ರ, ಒಂದು ಪ್ರಶ್ನೆ, ನಾಲ್ಕು ಸಾಲು ಉತ್ತರ. ಇದಕ್ಕೆ ಲ್ಯಾಬ್ ಯಾಕೆ ಬೇಕು? ಯಾವ ಮಗು ಎಲ್ಲಿ ಎಡವುತ್ತಿದೆ ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಾಗಿ ನನ್ನ ಬೇಡಿಕೆ ಅದೇ. ಹತ್ತು ಅಂಕದ ಪ್ರಾಜೆಕ್ಟಿನಲ್ಲಿ ಆರು ಅಂಕ ದಾರಿಗೆ ಇಡಿ. ಎಲ್ಲಿ ಸಿಕ್ಕಿತು? ಇನ್ನೊಂದು ಕಡೆ ನೋಡಿದೆಯಾ? ಎರಡೂ ಹೊಂದದಿದ್ದಾಗ ಏನು ಮಾಡಿದೆ? 'ಇನ್ನೂ ಗೊತ್ತಿಲ್ಲ' ಅಂತ ಬರೆದ ಮಗುವಿನ ಅಂಕ ದಯವಿಟ್ಟು ಕಡಿಯಬೇಡಿ. ಒಂದು ತರಗತಿಯಲ್ಲಿ 60 ಮಕ್ಕಳಿದ್ದರೆ ಎಲ್ಲರನ್ನೂ ಒಂದೇ ವಾರದಲ್ಲಿ ಕೇಳಲು ಆಗಲ್ಲ, ಒಪ್ಪುತ್ತೇನೆ. ವರ್ಷಕ್ಕೆ ನಾಲ್ಕು ಎಫ್‌ಎ ಇವೆಯಲ್ಲ, ಸಲಕ್ಕೆ 15 ಮಕ್ಕಳನ್ನು ಎರಡೆರಡು ನಿಮಿಷ ಮಾತಾಡಿಸಿ. ಸುಮ್ನೆ ನಕಲು ಮಾಡಿದವರು ಮೊದಲ ಪ್ರಶ್ನೆಗೇ ನೆಲ ನೋಡುತ್ತಾರೆ.

ಸಮಯ ಮುಗಿಯಿತು ಅಂತ ಚೀಟಿ ಬಂತು. ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ದಿನಚರಿ ಪುಸ್ತಕ ಬರೆಸುತ್ತಾರಲ್ಲ, ಆ ಪದ್ಧತಿಯನ್ನು ಸಮಾಜ ವಿಜ್ಞಾನಕ್ಕೂ ತರಬಹುದು. ಶಾಲಾ ಗ್ರಂಥಾಲಯದ ಬೀಗದ ಬಗ್ಗೆ ಜಾಸ್ತಿ ಮಾತಾಡೋದಿತ್ತು, ಬಿಡಿ, ಊಟದ ಹೊತ್ತಿನಲ್ಲಿ ಮಾತಾಡೋಣ.

ಬಾಗಿಲ ಹತ್ತಿರದ ಮೇಜಿನ ಮೇಲೆ ಮೊಬೈಲಿನಲ್ಲಿ ಓಡಾಡಿದ ಒಂದು ಫೋಟೊದ ಜೆರಾಕ್ಸ್ ಇಟ್ಟಿದ್ದೇನೆ, ಕೆಳಗೆ ಒಂದೇ ಪ್ರಶ್ನೆ. ಒಂದೊಂದು ತಗೊಂಡು ಹೋಗಿ. ನಾಳೆ ಮೊದಲ ಪೀರಿಯಡ್ಡಿನಲ್ಲೇ ಕೊಟ್ಟು ನೋಡಿ.