ಹಳೆ ಕಾರಿನ ಸ್ಪೀಕರ್ ಪರಪರ ಅಂದರೆ

ಕೇಳುಗರೇ, ನಮಸ್ಕಾರ.

ಹದಿನೈದು-ಇಪ್ಪತ್ತು ವರ್ಷದ ಕಾರುಗಳು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಚೆನ್ನಾಗಿ ಓಡುತ್ತಿವೆ. ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿಸುತ್ತೇವೆ, ಟೈರ್ ಬದಲಿಸುತ್ತೇವೆ. ಸ್ಪೀಕರ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಒಂದು ದಿನ ಭೀಮಸೇನ ಜೋಶಿಯವರು ಮಂದ್ರಕ್ಕೆ ಇಳಿದಾಗ ಬಾಗಿಲೊಳಗಿಂದ ಪರಪರ ಸದ್ದು ಶುರುವಾಗುತ್ತದೆ. ಅಂಗಡಿಗೆ ಹೋದರೆ ಒಂದೇ ಮಾತು: 'ಸರ, ಪೂರಾ ಸೆಟ್ ಚೇಂಜ್ ಮಾಡಿಬಿಡ್ರಿ.'

ಸ್ವಲ್ಪ ತಡೀರಿ. ಮೊದಲು ಕೆಟ್ಟಿರುವುದು ಯಾವುದು ಅಂತ ನೋಡೋಣ. ಸ್ಟೀರಿಯೊದಲ್ಲಿ ಎಡ-ಬಲ ಬದಲಿಸುವ ಬ್ಯಾಲೆನ್ಸ್, ಮುಂದೆ-ಹಿಂದೆ ಬದಲಿಸುವ ಫೇಡರ್ ತಿರುಗಿಸಿ ಒಂದೊಂದೇ ಸ್ಪೀಕರ್ ಕೇಳಿ. ಒಂದು ಪೂರ್ತಿ ಮೂಕವಾಗಿದ್ದರೆ ಅದು ಸತ್ತೇ ಹೋಗಿದೆ ಅಂತಲ್ಲ. ಬಾಗಿಲಿನ ಕೀಲಿನ ಹತ್ತಿರ ಒಂದು ರಬ್ಬರ್ ಪೈಪ್ ಇದೆ. ಅದರೊಳಗಿನ ತಂತಿ ಬಾಗಿಲು ತೆಗೆದಾಗಲೆಲ್ಲ ಮಡಚಿ ಮಡಚಿ ತುಂಡಾಗುತ್ತದೆ. ಬಾಗಿಲು ಅಲ್ಲಾಡಿಸಿದಾಗ ಸದ್ದು ಬಂದು ಹೋದರೆ ತಪ್ಪು ತಂತಿಯದು. ವಿದ್ಯುತ್ತಿನ ತಡೆಯನ್ನು ಓಮ್‌ಗಳಲ್ಲಿ ಅಳೆಯುವ ಮಲ್ಟಿಮೀಟರ್ ಇಟ್ಟರೆ 4 ಓಮ್ ಸ್ಪೀಕರ್ ಮೂರೂವರೆಯ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್, ಅಂದರೆ ಕೋನ್ ಹಿಂದಿನ ತಂತಿ ಸುರುಳಿ, ಹೋಗಿದೆ.

ಪರಪರ ಅನ್ನುವುದಕ್ಕೆ ಮುಖ್ಯ ಕಾರಣ ಫೋಮ್. ಕಾಗದದ ಕೋನ್ ಸುತ್ತ ಇರುವ ಮೆತ್ತನೆ ಉಂಗುರ ಅದು. ಗದಗದ ಏಪ್ರಿಲ್ ಬಿಸಿಲು ಹಿಂದಿನ ಗಾಜಿನ ಕೆಳಗಿರುವ ಸ್ಪೀಕರ್‌ನ ಫೋಮ್ ಮೇಲೆ ನೇರ ಬೀಳುತ್ತದಲ್ವಾ? ವರ್ಷಗಟ್ಟಲೆ ಬಿಸಿಲು, ತೇವ ತಿಂದ ಫೋಮ್ ಬೆರಳು ತಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಆದರೆ ಕೋನ್ ಮತ್ತು ಮ್ಯಾಗ್ನೆಟ್ ಬಹಳ ಸಲ ಗಟ್ಟಿಯಾಗಿಯೇ ಇರುತ್ತವೆ. ಕೋನ್‌ನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಹೊಸ ಫೋಮ್ ಹಾಕಿಸಿಕೊಳ್ಳಬಹುದು. ಕರಕರ ಎಂದು ಉಜ್ಜಿದರೆ ಕಾಯಿಲ್ ಮ್ಯಾಗ್ನೆಟ್‌ಗೆ ತಾಗುತ್ತಿದೆ, ಅದರ ಆಸೆ ಬಿಡಿ.

ಫೋಮ್ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು. ಉಂಗುರವನ್ನು ಮೊದಲು ಕೋನ್‌ಗೆ ಅಂಟಿಸಿ, ಆಮೇಲೆ ಚೌಕಟ್ಟಿಗೆ. ಅಂಟು ಹಿಡಿಯುವಾಗ ಕೋನ್ ಒತ್ತಿ ಒತ್ತಿ ನೋಡುತ್ತಿರಬೇಕು, ಅದು ನಟ್ಟನಡುವೆ ಕೂರಬೇಕು. ಒಂದು ದಿನ ಹಾಗೇ ಬಿಟ್ಟು ಆಮೇಲೆ ಹಾಡು ಹಾಕಿ.

ಹೊಸದೇ ಬೇಕಾದರೆ ಡಬ್ಬಿಯ ಮೇಲಿನ 300 ವ್ಯಾಟ್, 400 ವ್ಯಾಟ್‌ಗೆ ಮರುಳಾಗಬೇಡಿ. ಮಾಮೂಲಿ ಸ್ಟೀರಿಯೊ ಒಂದೊಂದು ಸ್ಪೀಕರ್‌ಗೆ ನಿಜವಾಗಿ ಕೊಡುವುದು ಹದಿನೈದು-ಇಪ್ಪತ್ತು ವ್ಯಾಟ್. ಆರ್‌ಎಂಎಸ್, ಅಂದರೆ ಸ್ಪೀಕರ್ ಸತತವಾಗಿ ತಡೆಯುವ ವ್ಯಾಟ್, ಎಷ್ಟು, ಸೆನ್ಸಿಟಿವಿಟಿ, ಅಂದರೆ ಕಡಿಮೆ ವ್ಯಾಟ್‌ನಲ್ಲೂ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು, 90 ಡೆಸಿಬೆಲ್ ಹತ್ತಿರ ಇದೆಯೋ, ಅಷ್ಟು ಕೇಳಿ. 4 ಓಮ್‌ನದೇ ಇರಲಿ. ಕಿಟಕಿ ಗಾಜು ಪೂರ್ತಿ ಇಳಿಸಿ, ಸ್ಪೀಕರ್‌ನ ಬೆನ್ನು ತಾಗುವುದಿಲ್ಲ ಅಂತ ನೋಡಿಯೇ ಕೂರಿಸಿ.

ಇಷ್ಟೆಲ್ಲ ಮಾಡಿ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರೆತರೆ ದುಡ್ಡು ನೀರಲ್ಲಿ ಹಾಕಿದ ಹಾಗೆ. ಗಾಜಿನ ಪಕ್ಕದಿಂದ ಮಳೆ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ಆ ನೀರು ಒಳಬದಿಗೆ ಬರದಂತೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆಯ ಹಿಂದೆ ಈ ಹಾಳೆ ಇರುತ್ತದೆ. ಪವರ್ ವಿಂಡೋ ರಿಪೇರಿ ಮಾಡುವಾಗ ಅದನ್ನು ಹರಿದು ಮೂಲೆಗೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಧಾರವಾಡದ ಜುಲೈ ಮಳೆಗೆ ಕಾಗದದ ಕೋನ್ ಎಷ್ಟು ದಿನ ತಡೆಯಬೇಕು ಹೇಳಿ. ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿ. ಕೆಳಗಿನ ತೂತು ಎರೆ ಮಣ್ಣಿನ ಧೂಳಿನಿಂದ ಕಟ್ಟಿದ್ದರೆ ಕಡ್ಡಿ ಆಡಿಸಿ ಬಿಡಿಸಿ.

ಅಂದಹಾಗೆ, ಸ್ಪೀಕರ್ ಪರೀಕ್ಷೆಗೆ ರೇಡಿಯೊದಲ್ಲಿ ಬರುವ ನನ್ನ ಈ ಮಾತು ಸಾಲದು. ನಮ್ಮ ಆಕಾಶವಾಣಿ ಧಾರವಾಡದ 765 ಕಿಲೋಹರ್ಟ್ಸ್‌ನಂಥ ಮೀಡಿಯಂ ವೇವ್‌ನಲ್ಲಿ ತೀರ ಏರು ಸ್ವರಗಳು ಪೂರ್ತಿ ಬರುವುದಿಲ್ಲ, ಕೆಟ್ಟ ಸ್ಪೀಕರ್ ಕೂಡ ಬಚಾವಾಗಿಬಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ತಬಲಾ ಇರುವ ಹಾಡು ಹಾಕಿ ಕೇಳಿ.

ಜೋಡಿಸುವಾಗ ಪ್ಲಸ್, ಮೈನಸ್ ಅದಲುಬದಲು ಆಗಬಾರದು. ಒಂದು ಬದಿ ಉಲ್ಟಾ ಆದರೂ ತಬಲಾದ ಬಾಯಾ, ಅಂದರೆ ಎಡಗೈಯ ದಪ್ಪ ದನಿ, ಎಲ್ಲೋ ಮಾಯವಾಗುತ್ತದೆ. ಒಂದೂವರೆ ವೋಲ್ಟ್‌ನ ಸೆಲ್ ಅನ್ನು ಸ್ಪೀಕರ್‌ಗೆ ಒಂದು ಕ್ಷಣ ತಾಗಿಸಿ. ಕೋನ್ ಮುಂದೆ ಬಂದರೆ ಸೆಲ್‌ನ ಪ್ಲಸ್ ತಾಗಿದ್ದೇ ಸ್ಪೀಕರ್‌ನ ಪ್ಲಸ್. ತಂತಿಯ ಬಣ್ಣ ನಂಬಬೇಡಿ, ಹಳೆ ಕಾರಿನಲ್ಲಿ ಎಷ್ಟು ಜನ ಕೈಯಾಡಿಸಿರುತ್ತಾರೋ!

ನಮಸ್ಕಾರ.