ಬೈಲ್ ಕಲ್ಚರ್ ಪಾಸಿಟಿವ್ ಬಂತು, ಹೊಸ ಲಿವರ್ ಕೆಟ್ಟಂಗೇನ್ರಿ?

(ಪರದೆ: ಲ್ಯಾಬ್ ರಿಪೋರ್ಟ್, "ಎಂಟೆರೊಕಾಕಸ್" ಅನ್ನೂ ಸಾಲಿನ ಸುತ್ತ ಕೆಂಪು ಗೆರೆ)

ಬೆಂಗಳೂರಿನ್ಯಾಗ ಲಿವರ್ ಕಸಿ ಮಾಡಿಸ್ಕೊಂಡು ಹುಬ್ಬಳ್ಳಿಗೆ ಬಂದವರ ಫೈಲಿನ್ಯಾಗ ಈ ಸಾಲು ಕಂಡ್ರ ಮನಿ ಮಂದಿ ಗಾಬರಿ ಆಗ್ತಾರ. ಬೈಲ್ ಕಲ್ಚರ್ ಅಂದ್ರ ಪಿತ್ತರಸದಾಗ ಸೂಕ್ಷ್ಮಜೀವಿ ಬೆಳೀತಾವೇನು ಅಂತ ನೋಡೂ ಟೆಸ್ಟ್. ಅದರಾಗ ಎಂಟೆರೊಕಾಕಸ್‌ನಂಥ ಬ್ಯಾಕ್ಟೀರಿಯಾ ಹೆಸರು ಬಂತು ಅಂದ ಮಾತ್ರಕ್ಕ ಸೋಂಕು ಅಲ್ಲರಿ. ಪಿತ್ತರಸ ಸರಳ ಹರಿಯಾಕತ್ತೈತೋ ಇಲ್ಲೋ, ಅದನ್ನ ಮೊದಲು ಕೇಳ್ರಿ.

(ಪರದೆ: ಲಿವರ್, ಪಿತ್ತನಾಳ, ಸಣ್ಣ ಕರುಳು)

ಪಿತ್ತನಾಳ ಕರುಳಿಗೆ ಸೇರೂ ಬಾಯಾಗ ಒಂದು ಸ್ನಾಯು ಬಿಗಿ ಹಿಡಿದಿರ್ತೈತಿ. ಇಆರ್‌ಸಿಪಿ (ಬಾಯಿಂದ ದುರ್ಬೀನು ಇಳಿಸಿ ಪಿತ್ತನಾಳಕ್ಕ ಮಾಡೂ ಚಿಕಿತ್ಸೆ) ಮಾಡಿ ಸ್ಟೆಂಟ್ (ನಾಳ ತೆರೆದಿಡೂ ಸಣ್ಣ ಕೊಳವಿ) ಹಾಕಿದ್ರ, ಇಲ್ಲಾ ನಾಳಾನ್ನ ನೇರ ಕರುಳಿಗೆ ಹೊಲಿದ್ರ, ಆ ತಡಿ ಹೋತು. ಎಂಟೆರೊಕಾಕಸ್, ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಒಮ್ಮೊಮ್ಮೆ ಕ್ಯಾಂಡಿಡಾ ಶಿಲೀಂಧ್ರ ಮ್ಯಾಲೆ ಏರ್ತಾವ. ಪಿತ್ತ ಸರಳ ಹರಿಯಾಕತ್ತಿದ್ರ ಅವು ತೊಂದರಿ ಕೊಡದ ಸುಮ್ಮನ ಇರಬಹುದು. ಕಟ್ಟಿಕೊಂಡ್ರ ಚಳಿಜ್ವರ, ಕಾಮಣಿ.

ಲಿವರಿಗೆ ರಕ್ತ ಎರಡು ದಾರಿಯಿಂದ ಬರ್ತೈತಿ, ಪಿತ್ತನಾಳಕ್ಕ ಮಾತ್ರ ಹೆಪಾಟಿಕ್ ಅಪಧಮನಿ ಒಂದ. ಹೊಲಿದ ಆ ಅಪಧಮನಿಯಾಗ ರಕ್ತ ಹೆಪ್ಪುಗಟ್ಟಿದ್ರ ನಾಳದ ಗ್ವಾಡಿ ಸಾಯ್ತೈತಿ, ಪಿತ್ತ ಸೋರಿ ಒಳಗ ನಿಲ್ತೈತಿ, ಅಲ್ಲೆ ಬ್ಯಾಕ್ಟೀರಿಯಾ ಬೆಳೀತಾವ. ಅದಕ್ಕ ಮೊದಲ ದಿನಗಳಾಗ ಮತ್ತ ಮತ್ತ ಡಾಪ್ಲರ್ (ರಕ್ತದ ಹರಿವು ನೋಡೂ ಸ್ಕ್ಯಾನ್) ಮಾಡ್ತಾರ. ಡಾಪ್ಲರ್ ನೋಡದ ಬರೇ ಆಂಟಿಬಯೋಟಿಕ್ ಬದಲಿಸೂದು ಅರ್ಧಾ ಕೆಲಸ.

(ಪರದೆ: 10, 1.6, 2000)

ಕಸಿಯಾದ ಲಿವರ್ ಶುರುವಾತಿನ್ಯಾಗ ಕುಂಟಾಕತ್ತೈತಿ ಅನ್ನಾಕ ಬಳಸೂ ಅಳತಿ ಇವು: 7ನೇ ದಿನ ಬಿಲಿರುಬಿನ್ (ಕಾಮಣಿ ತರೂ ಹಳದಿ ಅಂಶ) 10 ಇಲ್ಲಾ ಹೆಚ್ಚು, ಐಎನ್‌ಆರ್ (ರಕ್ತ ಹೆಪ್ಪುಗಟ್ಟೂ ಅಳತಿ) 1.6 ಇಲ್ಲಾ ಹೆಚ್ಚು, ಮೊದಲ 7 ದಿನದೊಳಗ ಎಎಲ್‌ಟಿ ಅಥವಾ ಎಎಸ್‌ಟಿ (ಲಿವರಿನ ಕಿಣ್ವಗಳು) 2000 ದಾಟೂದು. ಒಂದಿದ್ರೂ ಸಾಕು. ಎಲ್ಲಾ ಬ್ಯಾಕ್ಟೀರಿಯಾದ ತಪ್ಪಲ್ಲ ಮತ್ತ. ದಾನಿಯ ಲಿವರಿನ ಕೊಬ್ಬು, ಐಸಿನ್ಯಾಗ ಇಟ್ಟ ಹೊತ್ತು, ಇವೂ ಕಾರಣ.

(ಪರದೆ: ಎರಡು ಡ್ರೇನ್ ಚೀಲ, ಹತ್ತರದಿಂದ)

ಇದನ್ನ ಸರಿಯಾಗಿ ನೋಡ್ರಿ. ಪಿತ್ತನಾಳದ ಟ್ಯೂಬಿನ್ಯಾಗ ಬಂಗಾರ-ಕಂದು ಬಣ್ಣ ಬಂದ್ರ ಚೊಲೊ. ಹೊಟ್ಟಿ ಡ್ರೇನಿನ್ಯಾಗ ಅದ ಬಣ್ಣ ಬಂದ್ರ ಸೋರಿಕೆ ಅಂತ ಸಂಶಯ. ಯಾವ ಟ್ಯೂಬ್ ಯಾವುದು ಅಂತ ಡಿಸ್ಚಾರ್ಜ್ ದಿನಾನ ಚೀಟಿ ಅಂಟಿಸ್ಕೊಳ್ರಿ. ಚೀಲ ಹೊಟ್ಟಿಗಿಂತ ಕೆಳಗ ಇರಲಿ. 24 ಗಂಟೆಗೊಮ್ಮೆ ಎಷ್ಟು ಎಂಎಲ್, ಯಾವ ಬಣ್ಣ, ಬರದಿಡ್ರಿ. ಕಲ್ಚರಿಗೆ ಚೀಲದಾಗಿನ ಹಳೇ ಪಿತ್ತ ಕೊಡಬ್ಯಾಡ್ರಿ, ಅಲ್ಲೇ ಬೆಳೆದದ್ದು ರಿಪೋರ್ಟಿನ್ಯಾಗ ಬರ್ತೈತಿ.

ಸ್ಟಿರಾಯ್ಡ್ ತಗೊಳ್ಳೂವಾಗ ಜ್ವರ ಜೋರಾಗಿ ಕಾಣದಿರಬಹುದು. 100.4 ಡಿಗ್ರಿ ಮುಟ್ಟಿದ್ರ ಕಸಿ ಮಾಡಿದ ಆಸ್ಪತ್ರಿಗೆ ಕೂಡಲೇ ಫೋನ್ ಮಾಡ್ರಿ; ಬೆಂಗಳೂರು ಸುಮಾರು 400 ಕಿಲೋಮೀಟರ್ ಐತಿ, ನಾಳೆ ನೋಡೂಣು ಅನ್ನಬ್ಯಾಡ್ರಿ. ಓಣಿ ಕ್ಲಿನಿಕ್ಕಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಎಂಟೆರೊಕಾಕಸ್‌ಗೆ ನಾಟೂದ ಇಲ್ಲ. ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ರಕ್ತದಾಗ ಟ್ಯಾಕ್ರೊಲಿಮಸ್ (ಹೊಸ ಲಿವರನ್ನ ದೇಹ ತಿರಸ್ಕರಿಸದಂಗ ಕೊಡೂ ಔಷಧ) ಏರಸ್ತಾವ, ರಿಫಾಂಪಿಸಿನ್ ಇಳಸ್ತೈತಿ. ಟ್ಯಾಕ್ರೊಲಿಮಸ್ ಲೆವೆಲ್ ನೋಡೂ ದಿನ ಮುಂಜಾನೆ ಆ ಗುಳಿಗಿ ಮೊದಲ ನುಂಗಬ್ಯಾಡ್ರಿ, ರಕ್ತ ಕೊಟ್ಟ ಮ್ಯಾಲೆ ತಗೊಳ್ರಿ.